ಸಿನಿಮಾದ ರಾಜು, ಅಡಿಕೆ ಸುಲಿದ ಬೆರಳು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಸಂಕಟ ಹೊತ್ತು ನನ್ನ ಹತ್ತಿರ ಸಲಹೆ ಕೇಳಲು ಬಂದ ಹುಡುಗರಲ್ಲಿ ಇವನು ಮೊದಲಿಗನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯವನು. ಬಿ.ಕಾಂ. ಮುಗಿಯುವ ಹೊತ್ತಿಗೆ ಅಪ್ಪನ ಸೊಂಟಕ್ಕೆ ಪೆಟ್ಟಾಗಿ ಅಡಿಕೆ ತೋಟ ಇವನ ಹೆಗಲಿಗೆ ಬಂತು. ಎರಡು ವರ್ಷದ ಮೇಲೆ ಶಿವಮೊಗ್ಗದಲ್ಲಿ ಲೆಕ್ಕಪತ್ರದ ಕೆಲಸ ಹುಡುಕತೊಡಗಿದ. ಮೂರು ಇಂಟರ್‌ವ್ಯೂ ಕೈತಪ್ಪಿದ್ದವು. ರಾತ್ರಿ ನಿದ್ದೆಯಿಲ್ಲ, ಮನೆಯ ಫೋನ್ ಎತ್ತಲು ಹೆದರಿಕೆ.

"ನಾನು ಸತ್ಯಾನೇ ಹೇಳಿದ್ದು ಮೇಡಂ, 'ತ್ರೀ ಈಡಿಯಟ್ಸ್' ರಾಜು ಥರ. ಅವನಿಗೆ ಕೆಲಸ ಸಿಕ್ತು, ನನಗ್ಯಾಕೆ ಸಿಗಲ್ಲ?"

2009ರ ಆ ಸಿನಿಮಾದಲ್ಲಿ ಶರ್ಮನ್ ಜೋಶಿ ಮಾಡಿದ ಪಾತ್ರ ಅದು. ಎರಡನೇ ಸಲ ಬಂದಾಗ, ಆ ದೃಶ್ಯವನ್ನು ನನಗೆ ಬಿಡಿಸಿ ಹೇಳು ಅಂದೆ. ಕಾಲಿಗೆ ಪ್ಲಾಸ್ಟರ್, ಗಾಲಿಕುರ್ಚಿ, ಎದುರಿಗೆ ಕಂಪನಿಯವರು, ಎಲ್ಲವನ್ನೂ ಹೇಳಿದ.

"ಮಾರ್ಕ್ಸ್ ಯಾಕೆ ಕಡಿಮೆ ಅಂತ ಕೇಳಿದಾಗ ರಾಜು ಏನಂದ?"

"ಹೆದರಿಕೆಯಿಂದ ಅಂದ."

"ನಿನ್ನನ್ನೂ ಕೇಳಿದ್ರಲ್ಲ, ನೀನೇನಂದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಾಲೇಜಲ್ಲಿ ಪಾಠಾನೇ ಸರಿ ಮಾಡ್ಲಿಲ್ಲ ಅಂದೆ."

ರಾಜು ಕೇಳಿದ್ದಕ್ಕೆ ಉತ್ತರ ಕೊಟ್ಟ, ತನ್ನ ಹೆದರಿಕೆಯನ್ನು ತನ್ನದೇ ಅಂತ ಒಪ್ಪಿಕೊಂಡ. ನಿಮ್ಮ ಕೆಲಸ ನೀವೇ ಇಟ್ಟುಕೊಳ್ಳಿ ಅನ್ನುವಾಗಲೂ 'ಸರ್' ಬಿಡಲಿಲ್ಲ, ಸಾರಿ ಕೇಳಿದ. ನಮ್ಮ ಹುಡುಗರಿಗೆ ನೆನಪಿರುವುದು ಆ ಖಡಕ್ ಮಾತೊಂದೇ.

"ಎರಡು ವರ್ಷ ಏನ್ ಮಾಡ್ತಿದ್ದೆ ಅಂತ ಕೇಳಲಿಲ್ವಾ?"

"ಕೇಳಿದ್ರು. ಮನೇಲಿ ಸುಮ್ನೆ ಇದ್ದೆ ಅಂದೆ."

ಹಾಗನ್ನುತ್ತಾ ಕೈಗಳನ್ನು ಮೇಜಿನ ಕೆಳಗೆ ಸರಿಸಿದ. ತೋರಿಸು ಅಂದೆ. ಹಸಿ ಅಡಿಕೆ ಸುಲಿದು ಬೆರಳ ತುದಿಗಳೆಲ್ಲ ಕಪ್ಪು, ಹೆಬ್ಬೆರಳ ಪಕ್ಕ ಮೆಟ್ಟುಗತ್ತಿ ತಾಗಿದ ಗಾಯದ ಗೆರೆ. ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂತು. ಅಡಿಕೆಗೆ ಕೊಳೆರೋಗ ಬಾರದಂತೆ ಔಷಧಿ ಹೊಡೆಸಲು ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್ ಅಂತ ತಾನೇ ಅಳೆದು ಬೋರ್ಡೋ ದ್ರಾವಣ ಕಲಸುತ್ತಿದ್ದ. ಆಳುಗಳ ವಾರದ ಬಟವಾಡೆ ಪುಸ್ತಕ ಇವನದೇ. ಮಂಡಿಯವರು ಕೊಟ್ಟ ಪಟ್ಟಿಯಲ್ಲಿ ತೂಕ ತಪ್ಪಿದ್ದನ್ನು ಹಿಡಿದು ಸರಿಮಾಡಿಸಿದ್ದ.

"ಸತ್ಯ ಹೇಳ್ತೀನಿ ಅಂದವನು ಇದನ್ನೇ ಮುಚ್ಚಿಟ್ಟಿದ್ದೀಯಲ್ಲೋ!"

ಅವನ ಕಣ್ಣು ತುಂಬಿತು. ಆಮೇಲೆ ಕೈಗಳು ಮೇಜಿನ ಮೇಲೇ ಇದ್ದವು.

ನಾನು ಕೊಟ್ಟ ಸಲಹೆ ಇಷ್ಟು. ಕೇಳಿದ್ದಕ್ಕೆ ನಾಲ್ಕು ವಾಕ್ಯದಲ್ಲಿ ಉತ್ತರಿಸು. ತಪ್ಪನ್ನು ಒಪ್ಪಿಕೊಂಡರೆ, ಆಮೇಲೆ ಏನು ಕಲಿತೆ ಅನ್ನುವುದನ್ನೂ ಜೊತೆಗೇ ಹೇಳು. ಓದಿಸಿದವರನ್ನು ಅಲ್ಲಿ ದೂರಬೇಡ. ಹಿಂದಿನ ದಿನವೇ ಊರಿಂದ ಬಂದು ಉಳಿ, ಮಳೆಗಾಲದ ಬಸ್ಸನ್ನು ನಂಬಬೇಡ. ಎರಡು ವರ್ಷ ತೋಟದ ಲೆಕ್ಕ ನೋಡಿಕೊಂಡೆ ಅಂತ ಬಯೋಡಾಟಾದಲ್ಲೇ ಬರೆ.

ಖಾಲಿ ವರ್ಷಗಳಿಗೆ ಎಲ್ಲಿಂದಲಾದರೂ ಅನುಭವದ ಪತ್ರ ತರಿಸಿಕೊಡಬಹುದಿತ್ತು ಅಂದರು ಪರಿಚಿತರೊಬ್ಬರು. ನಾನು ಒಪ್ಪುವುದಿಲ್ಲ. ಈಗ ಎಷ್ಟೋ ಕಂಪನಿಗಳು ಸೇರಿಸಿಕೊಂಡ ಮೇಲೂ ದಾಖಲೆ ಪರಿಶೀಲಿಸುತ್ತವೆ, ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಪತ್ರ ಕೊಡಿಸಿದ್ದರೆ 'ಸುಮ್ನೆ ಇದ್ದೆ' ಅನ್ನುವ ಅವನ ಮಾತಿಗೆ ನಾನೇ ಸಹಿ ಹಾಕಿದಂತಾಗುತ್ತಿತ್ತು. ನಿದ್ದೆ ಕೆಡಿಸಿದ್ದೇ ಆ ಮಾತು.

ಹೊರಡುವಾಗ ಬಾಗಿಲಲ್ಲಿ ನಿಂತ. "ಕೊಯ್ಲು ಬಂದಾಗ ಊರಿಗೆ ಓಡಿ ಹೋಗ್ತೀಯಾ ಅಂತ ಕೇಳಿದ್ರೆ ಏನ್ ಹೇಳ್ಲಿ ಮೇಡಂ?"

ಇದಕ್ಕೆ ಮಾತ್ರ ನಾನು ಉತ್ತರ ಬರೆದುಕೊಡಲಿಲ್ಲ. ಮೊದಲು ಅಪ್ಪನ ಹತ್ತಿರ ಕೂತು ಮಾತಾಡಿಕೊಂಡು ಬಾ ಅಂದೆ. ಸಂಜೆಯ ತೀರ್ಥಹಳ್ಳಿ ಬಸ್ಸಿಗೇ ಹೊರಟ.