ಉಬುಂಟುವಿನಲ್ಲಿ ಹಂಚಿದ ಫೋಲ್ಡರ್ ಪಕ್ಕದ ವಿಂಡೋಸ್‌ನಲ್ಲಿ ಯಾಕೆ ತೆರೆಯುವುದಿಲ್ಲ?

ರಾಯಚೂರಿನ ನಿಮ್ಮ ಅಡತಿ ಅಂಗಡಿಯಲ್ಲಿ ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಹೋಗುತ್ತದೆ, ಲೆಕ್ಕದ ಫೋಲ್ಡರ್ ಮಾತ್ರ ತೆರೆಯುವುದಿಲ್ಲ ಎಂದರೆ ಬಹುಮಟ್ಟಿಗೆ ಫೈರ್‌ವಾಲ್ ತಡೆದಿದೆ. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಆನ್ ಆದರೆ ಹೊರಗಿನಿಂದ ಬರುವ ಸಂಪರ್ಕಗಳಿಗೆ ತಡೆ ಹಾಕುತ್ತದೆ. ಪಿಂಗ್‌ಗೆ ವಿನಾಯಿತಿ ಇದೆ, ಆದ್ದರಿಂದಲೇ ಈ ಗೊಂದಲ. ಫೈಲ್ ಹಂಚುವ ತಂತ್ರಾಂಶ ಸಾಂಬಾ ಮುಖ್ಯವಾಗಿ ಟಿಸಿಪಿ 445 ಎಂಬ ಪೋರ್ಟ್‌ನಲ್ಲಿ (ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು) ಕಾಯುತ್ತದೆ. ಹಳೆಯ ಯಂತ್ರಗಳಿಗೆ 139, ಹೆಸರು ಹುಡುಕಲು ಯುಡಿಪಿ 137, 138.

ಟರ್ಮಿನಲ್‌ನಲ್ಲಿ ‘ಸುಡೊ ಯುಎಫ್‌ಡಬ್ಲ್ಯೂ ಅಲೋ ಫ್ರಮ್ 192.168.1.0/24 ಟು ಎನಿ ಆ್ಯಪ್ ಸಾಂಬಾ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ (ಸಾಂಬಾದ ಎಸ್ ದೊಡ್ಡದಿರಲಿ). ಅಂಗಡಿಯ ನೆಟ್‌ವರ್ಕ್‌ಗೆ ಮಾತ್ರ ನಾಲ್ಕೂ ಪೋರ್ಟ್ ತೆರೆಯುತ್ತವೆ. ರೂಟರ್ 192.168.0 ಸಾಲಿನ ವಿಳಾಸ ಕೊಡುತ್ತಿದ್ದರೆ ಅಂಕಿ ಬದಲಿಸಿ, ಎಡವುವುದು ಇಲ್ಲೇ. ಫೈರ್‌ವಾಲನ್ನೇ ಆಫ್ ಮಾಡಬೇಡಿ.

ಪಾಸ್‌ವರ್ಡ್ ಕೇಳಿ ನಿರಾಕರಿಸಿದರೆ ಪೋರ್ಟ್ ತೆರೆದಾಗಿದೆ. ಸಾಂಬಾಗೆ ಪ್ರತ್ಯೇಕ ಪಾಸ್‌ವರ್ಡ್ ಇಡುವುದು ಬಾಕಿ.