ಟೇಬಲ್ ಸೀಳು ಬಿಟ್ಟರೆ ಬಡಗಿಯನ್ನು ಬೈಯಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಿರುಕು, ಬಾಗು, ತೂತು ಇವುಗಳದ್ದೇ ಕಾರುಬಾರು. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ.

ಪ್ರಶ್ನೆ: ಒಳ್ಳೆಯ ತೇಗದ ಹಲಗೆಗಳನ್ನು ನಾನೇ ನಿಂತು ಆರಿಸಿ ಡೈನಿಂಗ್ ಟೇಬಲ್ ಮಾಡಿಸಿದೆ. ನಾಲ್ಕು ತಿಂಗಳಿಗೇ ಮೇಲಿನ ಹಲಗೆ ಉದ್ದಕ್ಕೂ ಸೀಳು ಬಿಟ್ಟಿದೆ, ದಪ್ಪ ರಟ್ಟು ಒಳಗೆ ತೂರುತ್ತದೆ. ಮರ ಹಸಿ ಇತ್ತು ಅಂತ ಕೆಲವರು, ಬಡಗಿಗೆ ಕೆಲಸ ಬರಲ್ಲ ಅಂತ ಕೆಲವರು. ಯಾವುದು ನಿಜ?

ಉತ್ತರ: ಎರಡೂ ಇರಬಹುದು. ಬೈಯುವ ಮುಂಚೆ ಒಂದು ಟಾರ್ಚ್ ತಗೊಂಡು ಟೇಬಲ್ ಕೆಳಗೆ ಅಂಗಾತ ಮಲಗಿ ನೋಡಿ. ಮೇಲಿನ ಹಲಗೆಯನ್ನು ಚೌಕಟ್ಟಿಗೆ ಹೇಗೆ ಕೂರಿಸಿದ್ದಾರೆ? ಸುತ್ತಲೂ ಬಿಗಿಯಾಗಿ ಸ್ಕ್ರೂ ಹೊಡೆದಿದ್ದರೆ ಅಥವಾ ಅಂಟು ಬಳಿದು ಕಚ್ಚಿಸಿದ್ದರೆ, ಕಳ್ಳ ಸಿಕ್ಕಿದ ಹಾಗೇ.

ಮರ ಕಡಿದು, ಕೊಯ್ದು, ಪಾಲಿಶ್ ಹೊಡೆದ ಮೇಲೂ ಸುಮ್ನೆ ಇರುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹೀರಿಕೊಂಡು ಉಬ್ಬುತ್ತದೆ, ಒಣ ದಿನಗಳಲ್ಲಿ ಕುಗ್ಗುತ್ತದೆ. ಆದರೆ ಈ ಆಟವೆಲ್ಲ ಅಗಲಕ್ಕೆ ಮಾತ್ರ. ನಾರಿನ ಉದ್ದಕ್ಕೆ ಆಗುವ ಬದಲಾವಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತೇಗವನ್ನು ಕಡಿಮೆ ಅಲುಗಾಡುವ ಮರ ಅಂತಲೇ ಎಲ್ಲರೂ ಹೊಗಳುವುದು, ಆದರೂ 90 ಸೆಂ.ಮೀ. ಅಗಲದ ತೇಗದ ಟೇಬಲ್ ಒಂದು ವರ್ಷದಲ್ಲಿ 5-6 ಮಿ.ಮೀ. ಹಿಗ್ಗಿ ಕುಗ್ಗಿದರೆ ಆಶ್ಚರ್ಯವಿಲ್ಲ. ಅಂಥದ್ದನ್ನು ನಾಲ್ಕೂ ಕಡೆ ಕಟ್ಟಿಹಾಕಿದರೆ ಅದಾದರೂ ಏನು ಮಾಡಬೇಕು? ಕುಗ್ಗಲು ಜಾಗವಿಲ್ಲದೆ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಿರಿಯುತ್ತದೆ.

ಕೆಲಸ ಬಲ್ಲವರು ಮಧ್ಯದ ಸ್ಕ್ರೂ ಮಾತ್ರ ಬಿಗಿ ಮಾಡಿ, ಅಂಚಿನ ಕಡೆಯ ಸ್ಕ್ರೂಗಳಿಗೆ ದುಂಡು ತೂತಿನ ಬದಲು ಉದ್ದನೆಯ ತೂತು ಕೊರೆಯುತ್ತಾರೆ. ಹಲಗೆ ಹಿಗ್ಗಿದಾಗ ಸ್ಕ್ರೂ ಆ ತೂತಿನಲ್ಲೇ ಜಾರುತ್ತದೆ. ಇನ್ನು ಕೆಲವರು ಎಲ್ ಆಕಾರದ ಚಿಕ್ಕ ಮರದ ತುಂಡುಗಳನ್ನು ಹಲಗೆಯ ಅಡಿಗೆ ಸ್ಕ್ರೂ ಮಾಡಿ, ಅವುಗಳ ತುದಿ ಚೌಕಟ್ಟಿನ ಒಳಮೈಯಲ್ಲಿ ಕೊರೆದ ಸಂದಿನಲ್ಲಿ ಸಡಿಲವಾಗಿ ಕೂರುವ ಹಾಗೆ ಮಾಡುತ್ತಾರೆ. ನನಗೆ ಇದೇ ಇಷ್ಟ. ಟೇಬಲ್ ತಿರುಗಿಸಿ ನೋಡಿದರೂ ಚಂದ.

ನಿಮ್ಮದಕ್ಕೆ ಈಗಲೂ ದಾರಿ ಇದೆ. ಸ್ಕ್ರೂ ಹಾಕಿದ್ದರೆ ಎಲ್ಲವನ್ನೂ ಬಿಚ್ಚಿಸಿ, ಅಂಚಿನ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿಸಿ, ವಾಷರ್ ಹಾಕಿ ಮತ್ತೆ ಕೂರಿಸಿ. ಆಮೇಲೆ ಕೆಲವು ವಾರ ಹಾಗೇ ಬಿಡಿ. ಸೀಳು ಸ್ವಲ್ಪ ಮುಚ್ಚಿಕೊಳ್ಳಲೂಬಹುದು. ಅಲ್ಲಿಯವರೆಗೆ ದಯವಿಟ್ಟು ಪುಟ್ಟಿ ತುಂಬಿಸಬೇಡಿ. ಹಲಗೆ ಉಬ್ಬಿದಾಗ ಪುಟ್ಟಿ ಹೊರಗೆ ಬರುತ್ತದೆ, ಕುಗ್ಗಿದಾಗ ಉದುರುತ್ತದೆ, ನಡುವೆ ಬಣ್ಣ ಬೇರೆ ಹೊಂದುವುದಿಲ್ಲ. ಎಲ್ಲ ನಿಂತ ಮೇಲೆ ಅದೇ ಮರದ ತೆಳು ಚಕ್ಕೆಗೆ ಅಂಟು ಹಚ್ಚಿ ತೂರಿಸಿ, ಒಣಗಿದ ಮೇಲೆ ಕೀಸುಳಿ ಹಿಡಿದರೆ ಗುರುತು ಹುಡುಕಬೇಕು.

ಹಸಿ ಮರದ ಮಾತು. ಮನೆಯೊಳಗಿನ ಪೀಠೋಪಕರಣಕ್ಕೆ ಮರದ ತೇವ ಸುಮಾರು 8ರಿಂದ 12 ಶೇಕಡಾ ಇದ್ದರೆ ಒಳ್ಳೆಯದು. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಲೆಕ್ಕ. ತೇವ ಅಳೆಯುವ ಮೀಟರ್ ಇಲ್ಲವಾ? ಅದೇ ಹಲಗೆಯ ಒಂದು ತುಂಡನ್ನು ತೂಕ ಮಾಡಿ, ತೂಕವನ್ನು ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಮರ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಇನ್ನೊಂದು, ಪಾಲಿಶ್ ಅಡಿಭಾಗಕ್ಕೂ ಹಾಕಿಸಿ. ಮೇಲೆ ಮಾತ್ರ ಹಾಕಿದರೆ ಕೆಳಗಿನ ಮೈ ಬೇಗ ಬೇಗ ತೇವ ಹೀರಿ, ಬೇಗ ಬೇಗ ಬಿಟ್ಟು, ಹಲಗೆ ತಟ್ಟೆಯ ತರ ಬಾಗುತ್ತದೆ.

ಇದನ್ನೆಲ್ಲ ಬರೆಯುವ ನಾನು ಏನು ಮಾಡಿದ್ದೆ ಗೊತ್ತಾ? ಕಡು ಬೇಸಿಗೆಯಲ್ಲಿ ಡ್ರಾಯರ್ ಮಾಡಿ, ಕೂದಲು ತೂರದಷ್ಟು ಬಿಗಿಯಾಗಿ ಕೂರಿಸಿ, ಬಂದವರಿಗೆಲ್ಲ ಎಳೆದು ತೋರಿಸಿದ್ದೆ. ಮಳೆ ಹಿಡಿದ ಮೇಲೆ ಡ್ರಾಯರ್ ಜಪ್ಪಯ್ಯ ಅಂದರೂ ಬರಲಿಲ್ಲ. ಬೀರುವಿನ ಕೀಲಿ ಅದರೊಳಗೇ ಇತ್ತು. ಕೊನೆಗೆ ಹಿಂದಿನ ಹಲಗೆ ಬಿಚ್ಚಿ ಕೈ ಹಾಕಬೇಕಾಯಿತು.

ಪ್ರಶ್ನೆ: ನಾಲ್ಕು ಅಡಿ ಉದ್ದದ ಪುಸ್ತಕದ ಶೆಲ್ಫ್ ನಡುವೆ ಜೋಲು ಬಿದ್ದಿದೆ. ದಪ್ಪ ಹಲಗೆ ಹಾಕಿಸಲಾ?

ಉತ್ತರ: ಹಾಕಿಸಬಹುದು, ಆದರೆ ಉದ್ದ ಕಡಿಮೆ ಮಾಡುವುದು ಅದಕ್ಕಿಂತ ಲಾಭ. ತೂಕ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ ಬಾಗು 8 ಪಟ್ಟಾಗುತ್ತದೆ. ಉದ್ದವಾದ ಶೆಲ್ಫ್ ಸಿಕ್ಕರೆ ನಾವು ಪುಸ್ತಕವನ್ನೂ ಎರಡು ಪಟ್ಟು ತುಂಬುತ್ತೇವೆ ಅಲ್ವಾ, ಹಾಗಾದರೆ 16 ಪಟ್ಟು. ಅದಕ್ಕೇ ನಡುವೆ ಒಂದು ನಿಲುವು ಹಲಗೆ ಕೊಡಿ, ಕಥೆ ಮುಗಿಯಿತು. ಅದು ಬೇಡ ಅಂದರೆ ಮುಂದಿನ ಅಂಚಿಗೆ 40 ಮಿ.ಮೀ. ಎತ್ತರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ, ಹೊಡೆಸಿ. ದಪ್ಪದ ವಿಷಯ ಕೇಳಿದ್ದೀರಿ: 18 ಮಿ.ಮೀ. ಬದಲು 25 ಮಿ.ಮೀ. ಹಾಕಿದರೆ ಅದೇ ಮರ ಎರಡೂವರೆ ಪಟ್ಟಿಗಿಂತ ಜಾಸ್ತಿ ಗಟ್ಟಿ ನಿಲ್ಲುತ್ತದೆ. ಸದ್ಯಕ್ಕೆ, ಹಲಗೆ ಬಿಚ್ಚಲು ಬಂದರೆ ತಲೆಕೆಳಗು ಮಾಡಿ ಹಾಕಿ. ಸ್ವಲ್ಪ ದಿನ ನೆಟ್ಟಗಿರುತ್ತದೆ.

ಪ್ರಶ್ನೆ: ಓದುವ ಟೇಬಲ್ ಮಾಡಿಸಬೇಕು. ಎತ್ತರ ಎಷ್ಟು ಹೇಳಲಿ?

ಉತ್ತರ: ಸಾಮಾನ್ಯವಾಗಿ 75 ಸೆಂ.ಮೀ. ಸುತ್ತಮುತ್ತ, ಕುರ್ಚಿಯ ಕೂರುವ ಜಾಗ 45. ಆದರೆ ಈ ಅಂಕಿ ನಿಮಗೆ ಅಂತ ಯಾರೂ ಅಳೆದದ್ದಲ್ಲ. ನೀವು ದಿನಾ ಬಳಸುವ ಕುರ್ಚಿಯಲ್ಲೇ ಕೂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟೋ ಅದರ ಆಸುಪಾಸು ಇರಲಿ. ಜನ ಮರೆಯುವುದು ಇನ್ನೊಂದು ಅಳತೆ: ಹಲಗೆಯ ಕೆಳಗಿನ ಅಡ್ಡಪಟ್ಟಿ. ಅದು ತುಂಬಾ ಕೆಳಗೆ ಇಳಿದರೆ ತೊಡೆ ತಾಗುತ್ತದೆ. ಕುರ್ಚಿಯಿಂದ ಆ ಪಟ್ಟಿಯ ಅಡಿವರೆಗೆ 17 ಸೆಂ.ಮೀ. ಆದರೂ ಬಿಡಿಸಿ. ಮರ ಕೊಯ್ಯುವ ಮುಂಚೆ ರಟ್ಟಿನ ಪೆಟ್ಟಿಗೆ ಜೋಡಿಸಿ ಒಂದು ದಿನ ಅದರ ಮೇಲೇ ಕೆಲಸ ಮಾಡಿ ನೋಡಿದರೆ ಇನ್ನೂ ವಾಸಿ.

ಪ್ರಶ್ನೆ: ತರಕಾರಿ ಹೆಚ್ಚುವ ಮಣೆ ನಾನೇ ಮಾಡಿದೆ. ಅಡುಗೆ ಎಣ್ಣೆ ಹಚ್ಚಬಹುದಾ? ಸ್ಟೂಲಿಗೆ ಅಗಸೆ ಎಣ್ಣೆ ಹಚ್ಚೋಣ ಅಂತಿದ್ದೇನೆ.

ಉತ್ತರ: ಅಡುಗೆ ಎಣ್ಣೆ ಬೇಡ, ಕಮಟು ವಾಸನೆ ಬರುತ್ತದೆ. ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಮಿನರಲ್ ಆಯಿಲ್ ಹಚ್ಚಿ, ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ಸ್ಟೂಲಿಗೆ ಅಗಸೆ ಎಣ್ಣೆ ಧಾರಾಳವಾಗಿ ಹಚ್ಚಿ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಗಾಳಿ ಕುಡಿದು ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಬಿಸಿ ಹೊರಗೆ ಹೋಗದೆ, ಕಿಡಿ ಇಲ್ಲದೆಯೂ ಬೆಂಕಿ ಹತ್ತಬಹುದು. ತಮಾಷೆ ಅಲ್ಲ. ಹೊರಗೆ ಒಂಟಿಯಾಗಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಪ್ರಶ್ನೆ: ಹೊಸ ಮಂಚದ ಕಾಲಿನ ಹತ್ತಿರ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಸೂಜಿ ಚುಚ್ಚಿದ ಹಾಗೆ ತೂತುಗಳಿವೆ.

ಉತ್ತರ: ಕುಟ್ಟೆ ಹುಳು. ಇದು ಹೆಚ್ಚಾಗಿ ತೊಗಟೆಯ ಪಕ್ಕದ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಗಟ್ಟಿ ಭಾಗವಾದ ಚೇಗಿನ ತಂಟೆಗೆ ಹೋಗುವುದು ಕಡಿಮೆ. ಪಾಲಿಶ್ ಹಾಕುವ ಮುಂಚೆಯೇ ಮರದಲ್ಲಿ ಸೇರಿಕೊಂಡಿರುತ್ತದೆ, ಈಗ ಹೊರಗೆ ಬರುತ್ತಿದೆ ಅಷ್ಟೇ. ಪುಡಿ ಪೂರ್ತಿ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಮಂಚ ಅಲುಗಿಸದೆ ನೋಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ ಇದೆ. ಔಷಧಿಯನ್ನು ಪಾಲಿಶ್ ಮೇಲೆ ಬಳಿದರೆ ದಂಡ, ಒಳಗೆ ಇಳಿಯುವುದೇ ಇಲ್ಲ. ತೂತುಗಳಿಗೆ ಸಿರಿಂಜ್‌ನಲ್ಲಿ ಬಿಡಿಸಿ, ಪಾಲಿಶ್ ಇಲ್ಲದ ಅಡಿಭಾಗಕ್ಕೆ ಬಳಿಸಿ. ಆ ಕಾಲು ಪೂರ್ತಿ ಬಿಳಿ ಮರವೇ ಆಗಿದ್ದರೆ ಮಾತ್ರ ಕಾಲನ್ನೇ ಬದಲಾಯಿಸಲು ಹೇಳಿ.