ಗೆಳತಿಯ ವಾದಕ್ಕೆ ಒಂದು ಪುಟದ ಉತ್ತರ

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಹಳ್ಳಿಯವಳು, ಪದವಿಯ ಅಂತಿಮ ವರ್ಷದಲ್ಲಿದ್ದೇನೆ. ನಮ್ಮ ತರಗತಿಯಲ್ಲಿ ಪ್ರತಿಯೊಬ್ಬರೂ ಚರ್ಚಾಸ್ಪದವಾದ ಸಾಮಾಜಿಕ ವಿಷಯವೊಂದನ್ನು ಆರಿಸಿಕೊಂಡು ಕೇಳುಗರ ಮನವೊಲಿಸುವಂತೆ ಎಂಟು ನಿಮಿಷ ಮಾತನಾಡಬೇಕು. ಉಳಿದವರು ಅದಕ್ಕೆ ಒಂದು ಪುಟದ ಪ್ರತಿಕ್ರಿಯೆ ಬರೆದು ಎಲ್ಲರೆದುರು ಓದಬೇಕು. ಇದಕ್ಕೆ ಅಂಕಗಳಿವೆ. ನನ್ನ ಆಪ್ತ ಗೆಳತಿ ‘ನಮ್ಮ ಜಿಲ್ಲೆಗೆ ಇನ್ನಷ್ಟು ಉಕ್ಕಿನ ಕಾರ್ಖಾನೆಗಳು ಬೇಕು’ ಎಂದು ವಾದಿಸಿದಳು. ಅವಳ ತಂದೆ ಅದಿರು ಸಾಗಿಸುವ ಲಾರಿಯ ಚಾಲಕರು. ನಮ್ಮ ಊರು ಕಾರ್ಖಾನೆಗಳ ಮಗ್ಗುಲಲ್ಲೇ ಇದೆ. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಗೆ ಸಂಜೆಯೊಳಗೆ ಕರಿ ಬೂದಿ ಮೆತ್ತುತ್ತದೆ, ಹತ್ತಿ ಕಪ್ಪಾಗಿ ದರ ಬೀಳುತ್ತದೆ, ಅಜ್ಜಿಗೆ ಉಬ್ಬಸವಿದೆ. ‘ಮಾಲಿನ್ಯ ಮಿತಿಯೊಳಗೇ ಇದೆ, ಸಂವಿಧಾನದ 371(ಜೆ) ವಿಧಿ ಇರುವುದರಿಂದ ಕಾರ್ಖಾನೆಯ ಕೆಲಸಗಳೂ ನಮ್ಮವರಿಗೇ ಮೀಸಲು’ ಎಂದು ಅವಳು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ರಾತ್ರಿ ಸಿಟ್ಟಿನಿಂದ ಮೂರು ಪುಟ ಬರೆದು ಹರಿದು ಹಾಕಿದೆ. ಈಗ ‘ವಿಷಯ ಮಂಡನೆ ಬಹಳ ಚೆನ್ನಾಗಿತ್ತು’ ಎಂಬ ನಾಲ್ಕು ಸಾಲು ಸಿದ್ಧವಾಗಿದೆ. ಸೋಮವಾರ ಓದಬೇಕು. ಇದ್ದದ್ದನ್ನು ಇದ್ದಂತೆ ಹೇಳಿದರೆ ಗೆಳೆತನ ಕೆಡುತ್ತದೆ, ಸುಮ್ಮನಿದ್ದರೆ ಅಜ್ಜಿಯ ಮುಖ ನೋಡಲಾಗದು. ಏನು ಮಾಡಲಿ?

ಉತ್ತರ: ಆ ನಾಲ್ಕು ಸಾಲನ್ನು ಮಾತ್ರ ಓದಬೇಡಿ. ಹರಿದು ಹಾಕಿದ ಮೂರು ಪುಟಗಳಿಗಿಂತ ಅವೇ ನಿಮ್ಮ ಗೆಳತಿಗೆ ಹೆಚ್ಚು ಚುಚ್ಚುತ್ತವೆ ಎಂಬುದು ನನ್ನ ಅನಿಸಿಕೆ. ನಿಮ್ಮ ಆಪ್ತ ಗೆಳತಿಯಾದ ಮೇಲೆ ಅವಳು ನಿಮ್ಮ ಮಾಳಿಗೆಯನ್ನೂ ಅಜ್ಜಿಯನ್ನೂ ನೋಡಿಯೇ ಇರುತ್ತಾಳೆ. ನೀವು ‘ಚೆನ್ನಾಗಿತ್ತು’ ಎಂದಾಗ ಅದು ಬಾಯಿಮಾತು ಎಂದು ಇಡೀ ತರಗತಿಯಲ್ಲಿ ಅವಳೊಬ್ಬಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಅವಳ ಎರಡು ಹೇಳಿಕೆಗಳಲ್ಲಿ 371(ಜೆ) ಕುರಿತದ್ದು ಅಭಿಪ್ರಾಯದ ಮಾತಲ್ಲ, ಬರೀ ತಪ್ಪು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಆ ವಿಧಿಯು ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಮತ್ತು ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಮೀಸಲಾತಿಗೆ ಅವಕಾಶ ಮಾಡಿಕೊಟ್ಟಿದೆಯೇ ಹೊರತು, ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದರ ಆಟ ನಡೆಯುವುದಿಲ್ಲ. ಇದನ್ನು ಸೋಮವಾರದವರೆಗೆ ಬಚ್ಚಿಟ್ಟುಕೊಂಡು ಎಲ್ಲರೆದುರು ಬಿಚ್ಚಬೇಡಿ. ಅದಕ್ಕೂ ಮೊದಲೇ ಇಬ್ಬರೇ ಇರುವಾಗ ಹೇಳಿದರೆ ಅವಳೇ ಎದ್ದುನಿಂತು ತಿದ್ದಿಕೊಳ್ಳಬಹುದು. ತಿದ್ದಿಕೊಳ್ಳದಿದ್ದರೆ ನಿಮ್ಮ ಪುಟದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿ. ಅದಕ್ಕಿಂತ ಹೆಚ್ಚು ಜಾಗ ಅದಕ್ಕೆ ಬೇಡ.

‘ಮಿತಿಯೊಳಗಿದೆ’ ಎಂಬ ಮಾತು ಬೇರೆ ಜಾತಿಯದು. ಅದನ್ನು ಸುಳ್ಳೆಂದು ಬರೆಯಲು ನಿಮ್ಮ ಕೈಯಲ್ಲಿ ಪುರಾವೆಯಿಲ್ಲ, ನಿಜವೆಂದು ಹೇಳಲು ಅವಳೂ ಪುರಾವೆ ಕೊಟ್ಟಂತಿಲ್ಲ. ಆದ್ದರಿಂದ ಪ್ರಶ್ನೆ ಕೇಳಿ. ಯಾವ ಮಿತಿ? ನಮ್ಮ ದೇಶದ ಮಾನದಂಡದಂತೆ ಪಿಎಂ2.5 ಎಂಬ ಅತಿಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ, ಒಂದು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಟ್ಟವಾದರೋ ಕೇವಲ 5. ಅಳೆದದ್ದು ಎಲ್ಲಿ, ನಿಮ್ಮ ಊರಿನಲ್ಲೋ ಪಟ್ಟಣದಲ್ಲೋ, ಯಾವ ತಿಂಗಳಲ್ಲಿ, ಎಷ್ಟು ದಿನ? ಇಲ್ಲಿಯೇ ನಿಮಗೂ ಒಂದು ಎಚ್ಚರಿಕೆಯ ಮಾತಿದೆ. ಶಾವಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ಬಂದು ಕೂರುವ ಬೂದಿಯ ಕಣಗಳು ಬಹುಮಟ್ಟಿಗೆ 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವಾಗಿರುತ್ತವೆ, ಪಿಎಂ10 ಅಂದರೆ ಅಷ್ಟರೊಳಗಿನ ಕಣಗಳನ್ನು ಅಳೆಯುವ ಯಂತ್ರವು ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ವರದಿಯಲ್ಲಿ ಗಾಳಿ ಮಿತಿಯೊಳಗಿದ್ದು, ಮಾಳಿಗೆಯಲ್ಲಿ ಶಾವಿಗೆ ಕಪ್ಪಾಗುವುದು ಏಕಕಾಲಕ್ಕೆ ಸಾಧ್ಯ. ಎದೆಗೂಡಿನ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಸಣ್ಣ ಕಣ; ಕರಿ ಶಾವಿಗೆಯನ್ನು ತೋರಿಸಿ ‘ಅಜ್ಜಿಯ ಉಬ್ಬಸಕ್ಕೆ ಇದೇ ಕಾರಣ’ ಎಂದು ತೀರ್ಪು ಕೊಟ್ಟರೆ ನೀವೂ ಗೆಳತಿಯ ತಪ್ಪನ್ನೇ ಮಾಡಿದಂತಾಗುತ್ತದೆ. ಶಾವಿಗೆಯನ್ನು ಶಾವಿಗೆಯೆಂದೇ, ಉಬ್ಬಸವನ್ನು ಉಬ್ಬಸವೆಂದೇ ಬರೆಯಿರಿ, ಎರಡರ ನಡುವೆ ‘ಆದ್ದರಿಂದ’ ಎಂಬ ಪದವನ್ನು ಮಾತ್ರ ಹಾಕಬೇಡಿ.

ನಮ್ಮ ಹಳೆಯ ಶಾಸ್ತ್ರಕಾರರಿಗೆ ಒಂದು ಪದ್ಧತಿಯಿತ್ತು: ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಅದರ ಪೂರ್ಣ ಬಲದಲ್ಲಿ ಮಂಡಿಸುತ್ತಿದ್ದರು. ನಿಮ್ಮ ಪುಟದ ಮೊದಲ ಕಾಲುಭಾಗವನ್ನು ಹಾಗೆ ಬರೆಯಿರಿ. ಮಳೆ ನಂಬಿ ಬಿತ್ತುವ ಹೊಲದಿಂದ ಮನೆ ನಡೆಯದ ಕುಟುಂಬಗಳು ಇಲ್ಲಿ ಎಷ್ಟಿವೆ, ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುವುದಕ್ಕಿಂತ ರಾತ್ರಿ ಮನೆಗೆ ಮರಳುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು ನಿಮ್ಮ ಮಾತಿನಲ್ಲಿ ಓದಿದಾಗ ಅವಳು ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ತಲೆದೂಗಬೇಕು. ಆಮೇಲೆ ನಿಮ್ಮ ನಿಲುವು. ತರ್ಕವನ್ನು ಕುರಿತ ಪ್ರಾಚೀನ ನ್ಯಾಯಶಾಸ್ತ್ರದಲ್ಲಿ ಸ್ವಂತ ಪಕ್ಷವನ್ನೇ ಮಂಡಿಸದೆ ಎದುರಿನವರದನ್ನು ಕೇವಲ ಕೆಡವುವುದಕ್ಕೆ ವಿತಂಡವೆಂದು ಹೆಸರು. ಸಿಟ್ಟಿನಲ್ಲಿ ಬರೆದ ಮೂರು ಪುಟ ಬಹುಶಃ ಆ ಬಗೆಯದಾಗಿತ್ತು. ನಿಮಗೆ ಬೇಕಾದದ್ದು ಏನು? ಇರುವ ಕಾರ್ಖಾನೆಗಳೆಲ್ಲ ಮುಚ್ಚಬೇಕೆ, ಅವು ದೂಳು ಹಿಡಿಯುವ ಯಂತ್ರಗಳನ್ನು ಹಗಲಿರುಳೂ ನಡೆಸಬೇಕೆ, ಅಥವಾ ಊರಿನ ಮಗ್ಗುಲಲ್ಲಿ ಹೊಸವು ಬರಬಾರದೆ? ಅವಳು ಹೇಳಿದ್ದು ‘ಇನ್ನಷ್ಟು ಬೇಕು’ ಎಂದು, ನೀವು ಉತ್ತರಿಸಬೇಕಾದದ್ದು ಆ ‘ಇನ್ನಷ್ಟು’ ಎಂಬುದಕ್ಕೆ. 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿಯವರೊಂದಿಗೆ ಕೊಪ್ಪಳದ ಜನ ಬೀದಿಗಿಳಿದಾಗಲೂ ಎದುರಿಗಿದ್ದ ಪ್ರಶ್ನೆ ಪಟ್ಟಣದ ಪಕ್ಕದಲ್ಲೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆಯದಾಗಿತ್ತು.

ಅವಳ ತಂದೆಯ ಲಾರಿ ನಿಮ್ಮ ಪುಟದಲ್ಲಿ ಎಲ್ಲಿಯೂ ಬರಕೂಡದು. ನಾನು ರಾಯಚೂರಿನಲ್ಲಿ ಓದುತ್ತಿದ್ದಾಗ ಸಾರಾಯಿ ನಿಷೇಧದ ಪರವಾಗಿ ಮಾತನಾಡುತ್ತ (ಸರ್ಕಾರ ನಿಷೇಧಿಸಿದ್ದು ಬಹಳ ತಡವಾಗಿ, 2007ರಲ್ಲಿ) ಎದುರು ಪಕ್ಷದಲ್ಲಿದ್ದ ಗೆಳೆಯನ ತಂದೆ ಸಾರಾಯಿ ಅಂಗಡಿಯಲ್ಲಿ ಲೆಕ್ಕ ಬರೆಯುವುದನ್ನು ಸೂಚ್ಯವಾಗಿ ಎತ್ತಿ ಆಡಿದೆ. ಸಭೆ ನಕ್ಕಿತು, ಬಹುಮಾನ ನನಗೆ ಬಂತು. ಅವನು ಮರುದಿನದಿಂದ ಹಿಂದಿನ ಬೆಂಚಿಗೆ ಹೋದವನು ವರ್ಷ ಮುಗಿಯುವವರೆಗೂ ಮುಂದೆ ಬರಲಿಲ್ಲ. ನಿಷೇಧ ಸರಿಯೆಂದು ನಾನು ಇಂದಿಗೂ ನಂಬುತ್ತೇನೆ, ಆದರೆ ಆ ಬಹುಮಾನದ ಲೋಟದಲ್ಲಿ ಒಂದು ದಿನವೂ ನೀರು ಕುಡಿದಿಲ್ಲ. ನಿಮ್ಮ ಸ್ವಂತ ಹಿತಾಸಕ್ತಿಯನ್ನು ಮಾತ್ರ ನೀವೇ ಮೊದಲು ಹೇಳಿಬಿಡಿ: ‘ನಮ್ಮ ಮನೆ ಕಾರ್ಖಾನೆಗಳ ಹತ್ತಿರವಿದೆ, ನಾನು ತಟಸ್ಥಳಲ್ಲ’ ಎಂದು.

ಇಷ್ಟು ಮಾಡಿದರೂ ಅವಳು ಬೇಸರಪಟ್ಟುಕೊಳ್ಳುವುದಿಲ್ಲವೆಂದು ನಾನು ಮಾತು ಕೊಡಲಾರೆ. ಎರಡು ದಿನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಬರೆದ ಪುಟವನ್ನು ಭಾನುವಾರವೇ ಅವಳ ಕೈಗೆ ಕೊಟ್ಟು, ಪೂರ್ವಪಕ್ಷದ ಭಾಗದಲ್ಲಿ ತನ್ನ ಮಾತಿಗೆ ಎಲ್ಲಿಯಾದರೂ ಅನ್ಯಾಯವಾಗಿದೆಯೇ ಎಂದು ಕೇಳಿ. ಅವಳು ಗುರುತು ಹಾಕಿದ ಸಾಲುಗಳನ್ನು ತಿದ್ದಿ, ಉಳಿದದ್ದನ್ನು ನೀವು ಬರೆದಂತೆಯೇ ಸೋಮವಾರ ಓದಿ.